ಚಿಲಕವಿಲ್ಲದ ಬಾಗಿಲು: ಮಕ್ಕಳ ರಕ್ಷಣೆಯಲ್ಲಿ ಪಂಚಾಯ್ತಿಯ ಪಾಲು

ಕಳೆದ ಸಲದ ಮಕ್ಕಳ ಗ್ರಾಮಸಭೆಯಲ್ಲಿ ನಿಮ್ಮೂರ ಮಕ್ಕಳು ಏನೇನು ಕೇಳಿದರು, ನೆನಪಿದೆಯೇ? ಶಾಮಿಯಾನ ಹಾಕಿದ್ದು, ಅಧ್ಯಕ್ಷರು ದೀಪ ಹಚ್ಚಿದ್ದು, ಬಿಸ್ಕತ್ತು ಹಂಚಿದ್ದು, ಫೋಟೊ ತೆಗೆದು ತಾಲ್ಲೂಕಿನ ವಾಟ್ಸಾಪ್ ಗ್ರೂಪಿಗೆ ಹಾಕಿದ್ದು, ಇವೆಲ್ಲ ನೆನಪಿರುತ್ತವೆ. ಮಕ್ಕಳು ಕೇಳಿದ್ದು ಮಾತ್ರ ನಡಾವಳಿ ಪುಸ್ತಕದಲ್ಲೇ ಉಳಿದುಬಿಡುತ್ತದೆ. ನಾನು ಯಾವ ಪಂಚಾಯ್ತಿಗೆ ಹೋದರೂ ಮೊದಲು ಆ ಪುಸ್ತಕ ತೆಗೆಸಿ ನೋಡುತ್ತೇನೆ. ಮಕ್ಕಳ ಮೇಲಿನ ದೌರ್ಜನ್ಯದ ಬಗ್ಗೆ ಮಾತಾಡಿ ಎಂದು ಕರೆದರೆ ಈತ ಹಳೇ ನಡಾವಳಿ ಕೇಳುತ್ತಾನಲ್ಲ ಎಂದು ಪಿಡಿಒಗಳಿಗೆ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಗಳಿಗೆ) ಇರಿಸುಮುರಿಸಾಗುತ್ತದೆ. ಒಂದೂರಿನಲ್ಲಿ ಮಕ್ಕಳು ಎಷ್ಟು ಸುರಕ್ಷಿತವಾಗಿದ್ದಾರೆ ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಪುಸ್ತಕ ನನಗಂತೂ ಸಿಕ್ಕಿಲ್ಲ.

ಮಕ್ಕಳು ಕೇಳುವುದು ಏನು? ಬಹುತೇಕ ಎಲ್ಲ ಕಡೆಯೂ ಅದೇ ಪಟ್ಟಿ. ಶಾಲೆಯ ಶೌಚಾಲಯಕ್ಕೆ ಒಳಗಿನ ಚಿಲಕ ಇಲ್ಲ. ನೀರು ಬರುವುದಿಲ್ಲ. ಬೆಳಗಿನ ಬಸ್ಸು ನಿಲ್ಲಿಸುವುದಿಲ್ಲ. ಶಾಲೆಯ ಪಕ್ಕದ ಪೆಟ್ಟಿಗೆ ಅಂಗಡಿಯಲ್ಲಿ ಗುಟ್ಕಾ ಮಾರುತ್ತಾರೆ. ಸಂಜೆ ಶಾಲೆಯ ಕಟ್ಟೆ ಮೇಲೆ ಕುಡಿಯಲು ಕೂರುತ್ತಾರೆ, ಬೆಳಿಗ್ಗೆ ಬಾಟಲಿ ಚೂರು ನಾವೇ ಎತ್ತಬೇಕು. ನಮ್ಮ ಕೇರಿಯ ದಾರಿಯಲ್ಲಿ ಲೈಟು ಉರಿಯುವುದಿಲ್ಲ. ಇದನ್ನೆಲ್ಲ ನಾವು ಸಣ್ಣಪುಟ್ಟ ಬೇಡಿಕೆ ಎಂದು ಬರೆದುಕೊಂಡು ಪಕ್ಕಕ್ಕಿಡುತ್ತೇವೆ. ಆಮೇಲೆ ಮಧ್ಯಾಹ್ನ ಬೇರೆ ಬ್ಯಾನರ್ ಕಟ್ಟಿ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆ ಅರಿವು ಕಾರ್ಯಕ್ರಮ ಮಾಡುತ್ತೇವೆ. ಬೆಳಿಗ್ಗೆ ಮಕ್ಕಳು ಹೇಳಿದ್ದು ಅದನ್ನೇ ಎಂದು ನಮಗೆ ಹೊಳೆಯುವುದಿಲ್ಲ.

ಚಿಲಕದ ವಿಷಯವನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಏಳನೇ ತರಗತಿಯ ಹುಡುಗಿಯೊಬ್ಬಳು ಸಭೆಯಲ್ಲಿ ಎದ್ದುನಿಂತು, ಶೌಚಾಲಯದ ಬಾಗಿಲಿಗೆ ಚಿಲಕ ಹಾಕಿಸಿ ಎಂದು ಕೇಳಿದಳು. ಸುತ್ತಲಿನ ಹುಡುಗರು ಕಿಸಕ್ಕೆಂದರು. ಸದಸ್ಯರೊಬ್ಬರೂ ನಕ್ಕರು. ಆದರೆ ಅಲ್ಲಿನ ಪಿಡಿಒ ನಗಲಿಲ್ಲ. ಅದೇ ವಾರ ಬಡಗಿಯನ್ನು ಕಳಿಸಿ ಚಿಲಕ ಹಾಕಿಸಿದರು. ಖರ್ಚು ಎಷ್ಟಾಯಿತೋ, ಒಂದು ಊಟದ ದುಡ್ಡೂ ಆಗಿರಲಿಕ್ಕಿಲ್ಲ. ಮುಂದಿನ ವರ್ಷದ ಸಭೆಗೆ ಮುಂಚೆ ಸಲಹಾ ಪೆಟ್ಟಿಗೆ ತೆರೆದಾಗ ಒಂದು ಚೀಟಿ ಸಿಕ್ಕಿತು. ರೂಲು ಹಾಕಿದ ನೋಟ್‌ಬುಕ್ಕಿನ ಅರ್ಧ ಹಾಳೆ, ನಾಲ್ಕು ಮಡಿಕೆ, ಪೆನ್ಸಿಲಿನ ಅಕ್ಷರ: ‘ಸ್ಟ್ಯಾಂಡಿನ ಹತ್ತಿರದ ಅಂಗಡಿಯವರು ಚಿಲ್ಲರೆ ಕೊಡುವಾಗ ಕೈ ಬಿಡುವುದಿಲ್ಲ. ನಮ್ಮ ಕ್ಲಾಸಿನ ತುಂಬಾ ಜನಕ್ಕೆ ಹೀಗೆ ಮಾಡಿದ್ದಾರೆ.’ ಹೆಸರಿಲ್ಲ. ಬರೆದವಳು ಚಿಲಕ ಕೇಳಿದ ಹುಡುಗಿಯೇ ಇರಬೇಕೆಂದೇನೂ ಇಲ್ಲ. ಹೇಳಿದರೆ ಕೆಲಸವಾಗುತ್ತದೆ ಎಂಬುದನ್ನು ಆ ಶಾಲೆಯ ಮಕ್ಕಳೆಲ್ಲ ಕಣ್ಣಾರೆ ನೋಡಿದ್ದರಲ್ಲ, ಅಷ್ಟು ಸಾಕಾಗಿತ್ತು.

ನಾನು ಇವತ್ತು ಹೇಳಬೇಕೆಂದು ಬಂದಿರುವುದು ಇಷ್ಟೇ. ಚಿಲಕದ ದೂರು ಕೇಳದ ಊರಿಗೆ ಅಂಗಡಿಯವನ ದೂರು ಬರುವುದೇ ಇಲ್ಲ. ಅಲ್ಲಿ ಎಲ್ಲ ಸರಿಯಾಗಿದೆ ಎಂದು ನಾವು ಅಂದುಕೊಂಡಿರುತ್ತೇವೆ.

ಮಕ್ಕಳ ಗ್ರಾಮಸಭೆ ಎಂಬುದು ಬೆಂಗಳೂರಿನ ಯಾವುದೋ ಕಚೇರಿಯಲ್ಲಿ ಹುಟ್ಟಿದ್ದಲ್ಲ, ಅದನ್ನೂ ಹೇಳಬೇಕು. ಅದರ ಬೇರು ದುಡಿಯುವ ಮಕ್ಕಳಲ್ಲಿದೆ. ಹೋಟೆಲ್ಲು, ಗ್ಯಾರೇಜು, ಮನೆಗೆಲಸಗಳಲ್ಲಿದ್ದ ಮಕ್ಕಳು 1990ರಲ್ಲಿ ‘ಭೀಮ ಸಂಘ’ ಎಂದು ತಮ್ಮದೇ ಸಂಘ ಕಟ್ಟಿಕೊಂಡರು. ಅವರ ಜೊತೆಗಿದ್ದದ್ದು ‘ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆ. ಆ ದಶಕದಲ್ಲೇ ಕುಂದಾಪುರ ಸೀಮೆಯ ಹಳ್ಳಿಗಳಲ್ಲಿ ಮಕ್ಕಳ ಪಂಚಾಯ್ತಿಗಳು ಶುರುವಾದವು. ಮಕ್ಕಳೇ ಚುನಾವಣೆ ನಡೆಸಿ ಪ್ರತಿನಿಧಿಗಳನ್ನು ಆರಿಸಿಕೊಂಡರು. ತೋಡು (ಹಳ್ಳ) ದಾಟಲು ಕಾಲುಸಂಕ, ಅಂದರೆ ಕಿರುಸೇತುವೆ ಬೇಕು, ಇಲ್ಲದಿದ್ದರೆ ಮಳೆಗಾಲದಲ್ಲಿ ಶಾಲೆ ತಪ್ಪುತ್ತದೆ ಎಂಬಂಥ ಮಾತುಗಳನ್ನು ದೊಡ್ಡವರ ಪಂಚಾಯ್ತಿಯ ಮುಂದೆ ಇಟ್ಟರು. ಅದು ನಡೆಯುತ್ತದೆ ಎಂದು ಗೊತ್ತಾದ ಮೇಲೆ, 2006–07ರ ಸುಮಾರಿಗೆ, ವರ್ಷಕ್ಕೊಮ್ಮೆ ಎಲ್ಲ ಪಂಚಾಯ್ತಿಗಳೂ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಸರ್ಕಾರ ಹೇಳಿತು. ಈಗ ನವೆಂಬರ್ 14ರ ಆಸುಪಾಸಿನಲ್ಲಿ ರಾಜ್ಯದ ಸುಮಾರು ಆರು ಸಾವಿರ ಪಂಚಾಯ್ತಿಗಳಿಗೆ ಸುತ್ತೋಲೆ ಬರುತ್ತದೆ. ಸುತ್ತೋಲೆ ಬಂದ ಮೇಲೆ ಬಿಸ್ಕತ್ತೂ ಬಂತು, ಬಿಡಿ.

ಇನ್ನು ದೌರ್ಜನ್ಯದ ವಿಷಯ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟಿಸಿತು. 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿದ್ದರು. ಶೇ 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳ ಅನುಭವಿಸಿದ್ದೇವೆ ಎಂದರು. ಅವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಗಂಡುಮಕ್ಕಳು. ಬಹುಪಾಲು ಮಕ್ಕಳು ಅದನ್ನು ಯಾರಿಗೂ ಹೇಳಿರಲಿಲ್ಲ. ಈ ಕಡೆ ಪೊಲೀಸರಿಗೆ ಮುಟ್ಟಿದ ಪ್ರಕರಣಗಳ ಲೆಕ್ಕ ಇಡುವ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರದಿ ತೆಗೆದು ನೋಡಿ. ಪೋಕ್ಸೊ, ಅಂದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಕಾಯ್ದೆ, ಅದರ ಅಡಿ ಬರುವ ಅತ್ಯಾಚಾರ ಪ್ರಕರಣಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಕಡೆ ಆರೋಪಿ ಮಗುವಿಗೆ ಗೊತ್ತಿರುವವನೇ. ನೆಂಟ, ಪಕ್ಕದ ಮನೆಯವನು, ಟ್ಯೂಷನ್ ಹೇಳುವವನು, ಆಟೊದವನು, ಅಪ್ಪನ ಸ್ನೇಹಿತ.

ನಾವು ಮಕ್ಕಳಿಗೆ ಹೇಳಿಕೊಡುವುದು ಏನು? ಗುರುತಿಲ್ಲದವರು ಚಾಕೊಲೇಟ್ ಕೊಟ್ಟರೆ ತಗೋಬೇಡ. ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸಾಪ್ ಸುದ್ದಿಗೆ ಊರೂರೇ ಎದ್ದು ನಿಲ್ಲುತ್ತದೆ. ಹಾದಿಯಲ್ಲಿ ಹೋಗುವ ಪಾಪದ ಭಿಕ್ಷುಕನನ್ನು ಹಿಡಿದು ಹೊಡೆಯುತ್ತದೆ. 2018ರಲ್ಲಿ ನಮ್ಮ ರಾಜ್ಯದಲ್ಲೇ, ಬೆಂಗಳೂರಿನಲ್ಲೂ ಬೀದರಿನಲ್ಲೂ, ಇಂಥ ಸುಳ್ಳು ಸುದ್ದಿಗೆ ಅಮಾಯಕರ ಜೀವ ಹೋಗಿದೆ. ಅದೇ ಊರಿನಲ್ಲಿ ಮನೆಗೆ ಬಂದು ಕಾಫಿ ಕುಡಿದು ಹೋಗುವ ಮಾವನ ಬಗ್ಗೆ ಮಗು ಬಾಯಿಬಿಟ್ಟರೆ, ‘ಹಂಗೆಲ್ಲ ಅನ್ನಬಾರದು, ಅವರು ದೊಡ್ಡವರು’ ಅನ್ನುತ್ತೇವೆ.

ಒಳ್ಳೆ ಸ್ಪರ್ಶ, ಕೆಟ್ಟ ಸ್ಪರ್ಶ ಎಂಬ ಪಾಠದ ಬಗ್ಗೆಯೂ ನನ್ನದೊಂದು ತಕರಾರಿದೆ. ಅದು ಬೇಡ ಎನ್ನುತ್ತಿಲ್ಲ, ಖಂಡಿತ ಬೇಕು. ಆದರೆ ಏಳು ವರ್ಷದ ಕೂಸಿಗೆ ‘ಬೇಡ ಅನ್ನು, ಜೋರಾಗಿ ಕಿರುಚು, ಓಡಿ ಬಾ’ ಎಂದು ಕಲಿಸಿ ನಮ್ಮ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವಲ್ಲ, ಅದಕ್ಕೆ ನನ್ನ ತಕರಾರು. ಹುಟ್ಟಿದಂದಿನಿಂದ ದೊಡ್ಡವರಿಗೆ ಎದುರಾಡಬೇಡ ಎಂದು ಹೇಳಿಸಿಕೊಂಡ ಮಗು ಆ ಒಂದು ಗಳಿಗೆಯಲ್ಲಿ ಎಲ್ಲಿಂದ ಕಿರುಚಬೇಕು? ಕಿರುಚಿ ಓಡಿ ಬಂದರೂ ಯಾರ ಹತ್ತಿರ ಬರಬೇಕು? ತರಬೇತಿ ಮಗುವಿಗೆ ಒಂದು ಗಂಟೆ ಸಾಕು. ಆ ಮಗು ಯಾರ ಹತ್ತಿರ ಓಡಿ ಬರುತ್ತದೋ ಅವರಿಗೆ ದಿನಗಟ್ಟಲೆ ಬೇಕು. ಅಂದರೆ ನಿಮಗೆ: ಅಂಗನವಾಡಿ ಅಮ್ಮಂದಿರಿಗೆ, ಬಿಸಿಯೂಟದ ಅಕ್ಕಂದಿರಿಗೆ, ಆಶಾದವರಿಗೆ, ಗ್ರಂಥಾಲಯದ ಮೇಲ್ವಿಚಾರಕರಿಗೆ, ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯವರಿಗೆ.

ಬಿಸಿಯೂಟದವರನ್ನು ಬೇಕೆಂದೇ ಸೇರಿಸಿದೆ. ಅನ್ನ ಬಡಿಸುವವರಿಗೆ ಗೊತ್ತಾಗುವಷ್ಟು ಮೇಷ್ಟರಿಗೆ ಗೊತ್ತಾಗುವುದಿಲ್ಲ. ಯಾವ ಮಗು ಎರಡು ದಿನದಿಂದ ಊಟ ಬಿಟ್ಟಿದೆ, ಯಾವ ಮಗು ಸೋಮವಾರ ಹಸಿದು ಬರುತ್ತದೆ, ಯಾವುದು ಇದ್ದಕ್ಕಿದ್ದಂತೆ ಮೂಲೆ ಹಿಡಿದು ಕೂತಿದೆ, ಅದು ಅವರ ಕಣ್ಣು ತಪ್ಪುವುದಿಲ್ಲ. ಆದರೆ ಮಕ್ಕಳ ರಕ್ಷಣೆಯ ತರಬೇತಿಗೆ ಅವರನ್ನು ಕರೆಯುವ ರೂಢಿ ಇಲ್ಲ. ಅವತ್ತೂ ಅವರು ನಮಗೆ ಉಪ್ಪಿಟ್ಟು ಮಾಡುತ್ತಿರುತ್ತಾರೆ.

ಸರಿ, ಮಗು ಬಂದು ಹೇಳಿತು ಅಂತಿಟ್ಟುಕೊಳ್ಳಿ. ಒಂದೇ ಉಸಿರಿಗೆ ಎಲ್ಲವನ್ನೂ ಹೇಳುವುದಿಲ್ಲ. ‘ನಾನು ಆ ಅಂಕಲ್ ಮನೆಗೆ ಹೋಗಲ್ಲ’ ಎನ್ನುತ್ತದೆ, ಅಷ್ಟೆ. ಆಗ ನಮ್ಮ ಬಾಯಿಂದ ಬರುವ ಮೊದಲ ಮಾತೇ ಎಲ್ಲ ಕೆಡಿಸುತ್ತದೆ. ‘ಯಾಕೆ ಹೋಗಿದ್ದೆ ಅಲ್ಲಿಗೆ?’ ‘ಅವತ್ತೇ ಯಾಕೆ ಹೇಳ್ಲಿಲ್ಲ?’ ‘ನಿಜ ಹೇಳ್ತಿದೀಯ?’ ಈ ಮೂರು ಪ್ರಶ್ನೆ ಕೇಳಬೇಡಿ. ನಾವೇ ಊಹಿಸಿಕೊಂಡು ‘ಅವನು ಹಿಂಗೆ ಮಾಡಿದ್ನಾ, ಹಂಗೆ ಮಾಡಿದ್ನಾ’ ಎಂದು ಬಾಯಿಗೆ ಮಾತು ತುರುಕಬೇಡಿ. ನಾಳೆ ಕೋರ್ಟಿನಲ್ಲಿ ಅದೇ ಮಗುವಿಗೆ ಮುಳುವಾಗುತ್ತದೆ. ‘ನೀನು ಹೇಳಿದ್ದು ಒಳ್ಳೇದಾಯ್ತು. ನಿಂದೇನೂ ತಪ್ಪಿಲ್ಲ’ ಎನ್ನಿ. ಯಾರಿಗೂ ಹೇಳುವುದಿಲ್ಲ ಎಂದು ಮಾತ್ರ ಆಣೆ ಮಾಡಬೇಡಿ, ಏಕೆಂದರೆ ನೀವು ಹೇಳಲೇಬೇಕಾಗುತ್ತದೆ. ಮಗು ಏನು ಹೇಳಿತೋ ಅದನ್ನು ಅದರ ಮಾತಿನಲ್ಲೇ ತಾರೀಕು ಹಾಕಿ ಬರೆದಿಟ್ಟುಕೊಳ್ಳಿ. ಆಮೇಲೆ ಮುಖ್ಯಶಿಕ್ಷಕರ ಮುಂದೊಮ್ಮೆ, ಅಧ್ಯಕ್ಷರ ಮುಂದೊಮ್ಮೆ, ಊರ ಹಿರಿಯರ ಮುಂದೊಮ್ಮೆ ಹೇಳಿಸಬೇಡಿ.

ಊರ ಹಿರಿಯರು ಎಂದೆನಲ್ಲ, ನಮ್ಮ ಹಳ್ಳಿಗಳಲ್ಲಿ ಮಕ್ಕಳ ರಕ್ಷಣೆಗೆ ಅತಿ ದೊಡ್ಡ ಅಡ್ಡಿ ಈ ರಾಜಿ ಪಂಚಾಯ್ತಿ. ಎರಡೂ ಮನೆಯವರನ್ನು ಅರಳಿಕಟ್ಟೆಗೋ ದೇವಸ್ಥಾನಕ್ಕೋ ಕರೆಸುತ್ತಾರೆ. ಒಂದಷ್ಟು ದಂಡ, ಕಾಲಿಗೆ ಬೀಳಿಸುವುದು, ‘ಹೆಣ್ಣು ಮಗು, ಮುಂದೆ ಮದುವೆ ಆಗಬೇಕಲ್ಲ, ಮರ್ಯಾದೆ ಪ್ರಶ್ನೆ’ ಎಂದು ಹೇಳಿ ಮುಗಿಸುವುದು. ಕೆಲವು ಕಡೆ ಮಾಡಿದವನಿಗೇ ಕೊಟ್ಟು ಮದುವೆ ಮಾಡಿಸುವ ಮಾತೂ ಬರುತ್ತದೆ. ಹೀಗೆ ರಾಜಿ ಮಾಡಿಸಿದವರಲ್ಲಿ ಬಹಳ ಜನ ಕೆಟ್ಟವರಲ್ಲ, ಊರು ಒಡೆಯಬಾರದೆಂಬ ಕಾಳಜಿ ಅವರದು. ಆದರೆ ದಂಡ ಕೊಟ್ಟವನು ಅದೇ ಬೀದಿಯಲ್ಲಿ ಇರುತ್ತಾನೆ. ಮಗುವೂ ಅದೇ ಬೀದಿಯಲ್ಲಿ ಶಾಲೆಗೆ ಹೋಗಬೇಕು. ಉಳಿದ ಮಕ್ಕಳು ಇದನ್ನೆಲ್ಲ ನೋಡುತ್ತಿರುತ್ತಾರೆ.

ಕಾನೂನು ಇದಕ್ಕೆ ಒಂಚೂರೂ ಜಾಗ ಬಿಟ್ಟಿಲ್ಲ. ಪೋಕ್ಸೊ ಕಾಯ್ದೆ 2012ರ ನವೆಂಬರ್ 14ರಿಂದ ಜಾರಿಯಲ್ಲಿದೆ. ಅದರ 19ನೇ ಸೆಕ್ಷನ್ ಪ್ರಕಾರ ಇಂಥ ಅಪರಾಧ ನಡೆದಿದೆ ಎಂದು ಗೊತ್ತಿದ್ದವರು, ನಡೆಯಬಹುದೆಂಬ ಆತಂಕ ಇದ್ದವರು, ಯಾರೇ ಆಗಲಿ, ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರು ಮಾಡಿದ್ದನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಹೇಳದೆ ಇದ್ದ ತಪ್ಪಿಗೆ ಮಗುವಿಗೆ ಶಿಕ್ಷೆ ಇಲ್ಲ. ಅಂದರೆ ರಾಜಿ ಮಾಡಿಸಿದ ಹಿರಿಯರು ಕಾನೂನಿನ ಕಣ್ಣಲ್ಲಿ ವಿಷಯ ಮುಚ್ಚಿಟ್ಟವರು. ಕಟ್ಟೆ ಮೇಲೆ ಕೂರುವ ಮುಂಚೆ ಯಾರಾದರೂ ಇದನ್ನು ಅವರ ಕಿವಿಗೆ ಹಾಕಿದರೆ ಅರ್ಧ ಕಟ್ಟೆ ಖಾಲಿಯಾಗುತ್ತದೆ, ನಾನು ನೋಡಿದ್ದೇನೆ.

‘ಸ್ಟೇಷನ್ ಮೆಟ್ಟಿಲು ಹತ್ತಿಸಬೇಕಲ್ಲ ಸಾರ್, ಅದಕ್ಕೇ ಹೆದರ್ತಾರೆ’ ಎನ್ನುತ್ತೀರಿ. ಮಗು ಹತ್ತಬೇಕಾಗಿಲ್ಲ. ಮಗುವಿನ ಮನೆಯಲ್ಲೋ ಅದು ಹೇಳಿದ ಜಾಗದಲ್ಲೋ ಹೇಳಿಕೆ ಪಡೆಯಬೇಕು. ಆದಷ್ಟೂ ಮಹಿಳಾ ಅಧಿಕಾರಿಯೇ ಬರಬೇಕು, ಸಬ್ ಇನ್ಸ್‌ಪೆಕ್ಟರ್ ದರ್ಜೆಗಿಂತ ಕೆಳಗಿನವರು ಕೂಡದು, ಸಮವಸ್ತ್ರದಲ್ಲಿ ಬರುವಂತಿಲ್ಲ. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. 24 ಗಂಟೆಯೊಳಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ವರದಿ ಹೋಗಬೇಕು. ಕೇಸು ನಡೆಯುವಷ್ಟು ದಿನ ಮನೆಯವರ ಜೊತೆ ಓಡಾಡಲು ಒಬ್ಬ ಬೆಂಬಲ ವ್ಯಕ್ತಿಯನ್ನು ಸಮಿತಿ ಕೊಡಬೇಕು. ಆಸ್ಪತ್ರೆಯವರು ಮೊದಲು ಎಫ್‌ಐಆರ್ ತನ್ನಿ ಎಂದು ತುರ್ತು ಚಿಕಿತ್ಸೆ ನಿಲ್ಲಿಸುವಂತಿಲ್ಲ. ಎಲ್ಲ ಕಡೆ ಹೀಗೇ ನಡೆಯುತ್ತದೆ ಎಂದು ಹೇಳುವಷ್ಟು ಮುಗ್ಧ ನಾನಲ್ಲ. ಆದರೆ ಜೊತೆಗೆ ಹೋದವರಿಗೆ ಇಷ್ಟು ಗೊತ್ತಿದ್ದು, ‘ಮೇಡಂ, ಯೂನಿಫಾರಂ ಇಲ್ಲದೆ ಬರಬೇಕಂತಲ್ಲ’ ಎಂದು ಮೆಲ್ಲಗೆ ಒಂದು ಮಾತು ಹೇಳಿದರೆ ವ್ಯವಹಾರದ ಧಾಟಿಯೇ ಬೇರೆಯಾಗುತ್ತದೆ.

ಫೋನ್ ಮಾಡಲು 1098. ಇದು 1996ರಲ್ಲಿ ಮುಂಬೈಯಲ್ಲಿ ಬೀದಿ ಮಕ್ಕಳಿಗಾಗಿ ಶುರುವಾದ ಸಹಾಯವಾಣಿ. 2023ರಿಂದ ಸರ್ಕಾರವೇ ನಡೆಸುತ್ತಿದೆ, ತುರ್ತು ಕರೆಯ 112ರ ಜೊತೆ ಜೋಡಿಸಿದ್ದಾರೆ. ಶಾಲೆಯ ಗೋಡೆ ಮೇಲೆ ನಂಬರ್ ಬರೆಸಿದ್ದೀರಿ, ಸಂತೋಷ. ಆ ಮಗುವಿನ ಕೈಗೆ ಫೋನ್ ಸಿಗುತ್ತದೆಯೇ, ಅದನ್ನೂ ಯೋಚಿಸಿ. ಮನೆಯಲ್ಲಿರುವ ಒಂದೇ ಮೊಬೈಲು ಅಪ್ಪನ ಜೇಬಿನಲ್ಲಿರುತ್ತದೆ, ಕೆಲವು ಸಲ ತೊಂದರೆ ಕೊಡುತ್ತಿರುವವನೂ ಅದೇ ಮನೆಯಲ್ಲಿರುತ್ತಾನೆ. ಆಗ ಆ ಕರೆ ನಿಮ್ಮ ಫೋನಿನಿಂದಲೇ ಹೋಗಬೇಕು.

ಇಲ್ಲೇ ಇನ್ನೊಂದು ಮಾತು. ಮಗುವಿನ ಹೆಸರು, ಫೋಟೊ, ಶಾಲೆ, ಮನೆ, ಗುರುತು ಸಿಗುವ ಯಾವುದನ್ನೂ ಮಾಧ್ಯಮದಲ್ಲಿ ಹಾಕುವಂತಿಲ್ಲ. ಅದಕ್ಕೂ ಜೈಲುಶಿಕ್ಷೆ ಇದೆ. ನಿಮ್ಮ ‘ನಮ್ಮೂರ ಸುದ್ದಿ’ ಗ್ರೂಪಿನಲ್ಲೂ ಬೇಡ. ‘ಅಯ್ಯೋ ಪಾಪ’ ಎಂದು ಬರೆದು ಹಾಕಿದರೂ ಬೇಡ.

ಬಾಲ್ಯವಿವಾಹಕ್ಕೆ ಬರೋಣ. ಇದನ್ನು ಬೇರೆ ವಿಷಯ ಎಂದು ನಾನು ನೋಡುವುದಿಲ್ಲ. ಕರ್ನಾಟಕ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿದೆ. ಕೇಂದ್ರದ 2006ರ ಕಾಯ್ದೆಯಲ್ಲಿ ಬಾಲ್ಯವಿವಾಹ ತಾನಾಗೇ ಬಿದ್ದುಹೋಗುವುದಿಲ್ಲ, ಮದುವೆಯಾದ ಮಗುವೇ ಕೋರ್ಟಿಗೆ ಹೋಗಿ ರದ್ದು ಮಾಡಿಸಿಕೊಳ್ಳಬೇಕು. ನಮ್ಮ ರಾಜ್ಯ ತಿದ್ದುಪಡಿ ತಂದು ಅಂಥ ಮದುವೆ ಮೊದಲಿಂದಲೇ ಅಸಿಂಧು ಎಂದು ಮಾಡಿತು. 2017ರಲ್ಲಿ ಸುಪ್ರೀಂ ಕೋರ್ಟು ಅದನ್ನು ಮೆಚ್ಚಿ, ಬೇರೆ ರಾಜ್ಯಗಳೂ ಹೀಗೆ ಮಾಡಿದರೆ ಒಳ್ಳೆಯದು ಎಂದಿತು. ನಮ್ಮಲ್ಲಿ ಪಿಡಿಒ ಕೂಡ ಬಾಲ್ಯವಿವಾಹ ನಿಷೇಧಾಧಿಕಾರಿ.

ಆದರೆ ಚಪ್ಪರ ಹಾಕಿದ ಮೇಲೆ ಪೊಲೀಸ್ ಜೀಪು ತಂದು ನಿಲ್ಲಿಸುವುದು ಕೊನೆಯ ಕೆಲಸ. ಮದುವೆ ನಿಂತಿತು ಎಂದು ಪೇಪರಿನಲ್ಲಿ ಬರುತ್ತದೆ. ಆಮೇಲೆ ಆರು ತಿಂಗಳಿಗೆ ಪಕ್ಕದ ತಾಲ್ಲೂಕಿನ ನೆಂಟರ ಮನೆಯಲ್ಲಿ ಸದ್ದಿಲ್ಲದೆ ನಡೆದದ್ದು ಪೇಪರಿನಲ್ಲಿ ಬರುವುದಿಲ್ಲ. ಆ ಹುಡುಗಿಯ ಕಥೆ ಎಲ್ಲಿ ಶುರುವಾಗುತ್ತದೆ ಎಂದು ಹಿಂದಕ್ಕೆ ಹೋಗಿ ನೋಡಿ. ಎಸ್ಸೆಸ್ಸೆಲ್ಸಿ ಆಯಿತು. ಪಿಯು ಕಾಲೇಜು ದೂರ. ಬೆಳಗಿನ ಬಸ್ಸು ನಿಲ್ಲಿಸುವುದಿಲ್ಲ, ಸಂಜೆ ಬಸ್ಸು ಬರುವುದೇ ಕತ್ತಲಾದ ಮೇಲೆ, ಸ್ಟ್ಯಾಂಡಿನಿಂದ ಕೇರಿಯವರೆಗೆ ಲೈಟಿಲ್ಲ. ದಾರಿಯಲ್ಲಿ ಹುಡುಗರ ಕಾಟ. ಒಂದು ದಿನ ಅದು ಮನೆಗೆ ಗೊತ್ತಾಗುತ್ತದೆ. ಕಾಟ ಕೊಟ್ಟವನನ್ನು ಯಾರೂ ಕೇಳುವುದಿಲ್ಲ, ಹುಡುಗಿಯ ಕಾಲೇಜು ಬಿಡಿಸುತ್ತಾರೆ. ಮನೆಯಲ್ಲಿ ಕೂತ ಹುಡುಗಿಗೆ ಸಂಬಂಧ ಹುಡುಕುತ್ತಾರೆ. ಈಗ ಮತ್ತೆ ನಡಾವಳಿ ಪುಸ್ತಕ ತೆಗೆಯಿರಿ. ಬಸ್ಸು ನಿಲ್ಲಿಸಿ, ಲೈಟು ಹಾಕಿಸಿ ಎಂದು ಆ ಮಗು ಎಂಟನೇ ಕ್ಲಾಸಿನಲ್ಲೇ ಕೇಳಿರುತ್ತದೆ.

ಇಲ್ಲೊಬ್ಬರು, ಓಡಿಹೋದ ಹುಡುಗ ಹುಡುಗಿಯರ ಕೇಸನ್ನೂ ಪೋಕ್ಸೊಗೆ ಹಾಕುತ್ತಾರಲ್ಲ ಎಂದು ಕೇಳಿದರು. ಹೌದು, ಹದಿನಾರು ಹದಿನೇಳರ ಮಕ್ಕಳು ಒಬ್ಬರನ್ನೊಬ್ಬರು ಇಷ್ಟಪಟ್ಟ ಪ್ರಕರಣಗಳೂ ಅದರಡಿ ಬರುತ್ತವೆ. ನಮ್ಮ ಹೈಕೋರ್ಟೇ 2022ರಲ್ಲಿ, ವಯಸ್ಸಿನ ಬಗ್ಗೆ ಮತ್ತೆ ಯೋಚಿಸಿ ಎಂದು ಕಾನೂನು ಆಯೋಗಕ್ಕೆ ಹೇಳಿತ್ತು. ಆಯೋಗ 2023ರಲ್ಲಿ, ವಯಸ್ಸು 18ರಿಂದ ಇಳಿಸುವುದು ಬೇಡ, 16ರಿಂದ 18ರ ನಡುವಿನ ಇಂಥ ಪ್ರಕರಣಗಳಲ್ಲಿ ಶಿಕ್ಷೆಯ ವಿಷಯದಲ್ಲಿ ನ್ಯಾಯಾಧೀಶರಿಗೆ ವಿವೇಚನೆ ಇರಲಿ ಎಂದು ಸಲಹೆ ಕೊಟ್ಟಿತು. ನನ್ನ ಅಭಿಪ್ರಾಯ ಕೇಳಿದರೆ, ಆ ಚರ್ಚೆ ನಡೆಯಲೇಬೇಕು. ಆದರೆ ಅದನ್ನು ಕಟ್ಟೆ ಮೇಲೆ ಕೂತು ತೀರ್ಮಾನಿಸುವ ಅಧಿಕಾರ ನಮಗಿಲ್ಲ. ಜಾತಿ ಬೇರೆಯಾದಾಗ ಮಾತ್ರ ಪೋಕ್ಸೊ ನೆನಪಾಗುವ ಊರುಗಳೂ ಇವೆ, ಅದನ್ನೂ ಮರೆಯಬೇಡಿ.

ಸಮಿತಿಗಳ ವಿಷಯ ಬೇಗ ಮುಗಿಸುತ್ತೇನೆ. ಮಕ್ಕಳ ರಕ್ಷಣಾ ಸಮಿತಿ, ಕಾವಲು ಸಮಿತಿ, ಶಾಲೆಯಲ್ಲಿ ಸುರಕ್ಷತಾ ಸಮಿತಿ, ಕಾಗದದ ಮೇಲೆ ನಮಗೆ ಯಾವುದಕ್ಕೂ ಕೊರತೆ ಇಲ್ಲ. ಎಲ್ಲದರಲ್ಲೂ ಅದೇ ಹೆಸರುಗಳು, ಒಂದೇ ದಿನ ಒಂದೇ ಪೆನ್ನಿನಲ್ಲಿ ಹಾಕಿದ ಸಹಿ. ಹೊಸ ಸಮಿತಿ ಮಾಡಿ ಎಂದು ನಾನು ಹೇಳುವುದಿಲ್ಲ. ಸಲಹಾ ಪೆಟ್ಟಿಗೆಯ ಕೀಲಿ ಯಾರ ಹತ್ತಿರ ಇದೆ, ಅಷ್ಟು ನೋಡಿ ಸಾಕು. ಹೆಚ್ಚಿನ ಶಾಲೆಗಳಲ್ಲಿ ಅದು ಮುಖ್ಯಶಿಕ್ಷಕರ ಟೇಬಲ್ ಡ್ರಾಯರಿನಲ್ಲಿರುತ್ತದೆ. ಪೆಟ್ಟಿಗೆಯೂ ಅವರ ಕೋಣೆಯ ಬಾಗಿಲಲ್ಲೇ. ಶಾಲೆಯೊಳಗಿನವರ ಮೇಲೇ ದೂರಿದ್ದರೆ ಯಾವ ಮಗು ಅಲ್ಲಿ ಬಂದು ಚೀಟಿ ಹಾಕುತ್ತದೆ? ಪೆಟ್ಟಿಗೆಯನ್ನು ಮಕ್ಕಳು ಓಡಾಡುವ ಮರೆಯಿರುವ ಜಾಗದಲ್ಲಿಡಿ. ಪಂಚಾಯ್ತಿ ಗ್ರಂಥಾಲಯದಲ್ಲಿ ಇನ್ನೊಂದಿಡಿ, ಅಲ್ಲಿಗೆ ಶಾಲೆ ಬಿಟ್ಟ ಮಕ್ಕಳೂ ಬರುತ್ತಾರೆ. ಕೀಲಿ ಶಾಲೆಗೆ ಸೇರದ ಒಬ್ಬರ ಹತ್ತಿರ ಇರಲಿ. ತಿಂಗಳಿಗೊಮ್ಮೆ ಗೊತ್ತಾದ ದಿನ ತೆರೆಯಿರಿ. ಚೀಟಿಗಳನ್ನು ಮೊದಲು ಒಬ್ಬರೇ ಓದಲಿ, ಎಲ್ಲರ ಮುಂದೆ ಓದಬಾರದ ಚೀಟಿಯೂ ಅದರಲ್ಲಿರಬಹುದು. ಮಕ್ಕಳ ಗ್ರಾಮಸಭೆಯ ಮೊದಲ ಅರ್ಧ ಗಂಟೆ ಭಾಷಣ ಬಿಟ್ಟು, ಹೋದ ವರ್ಷ ನೀವು ಕೇಳಿದ್ದು ಇದು, ನಾವು ಮಾಡಿದ್ದು ಇದು, ಇದು ಮಾತ್ರ ಆಗಲಿಲ್ಲ, ಕಾರಣ ಇದು ಎಂದು ಓದಿ ಹೇಳಿ. ಆಗಲಿಲ್ಲ ಎಂದರೂ ಮಕ್ಕಳು ಒಪ್ಪುತ್ತಾರೆ. ಮರೆತರೆ ಒಪ್ಪುವುದಿಲ್ಲ.

ಕೊನೆಯಲ್ಲಿ ಒಬ್ಬ ಆಶಾ ಕಾರ್ಯಕರ್ತೆ ಕೇಳಿದ ಪ್ರಶ್ನೆ: ‘ದೂರು ಕೊಟ್ಟಿದ್ದು ನಾನೇ ಅಂತ ಗೊತ್ತಾದ್ರೆ ನಾನು ಈ ಊರಲ್ಲಿ ಬಾಳೋದು ಹೆಂಗೆ ಸಾರ್? ನೀವು ಹೇಳಿ ಹೋಗ್ತೀರಿ.’

ಅಮ್ಮಾ, ನೀವು ಕೇಳಿದ್ದು ಸರಿಯಾಗಿದೆ. ಒಳ್ಳೆಯ ಉದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಕೇಸು ಹಾಕಲು ಬರುವುದಿಲ್ಲ ಎಂದು ಕಾನೂನು ಹೇಳುತ್ತದೆ. ಆದರೆ ಆ ಮನೆಯವರು ನಿಮ್ಮ ಜೊತೆ ಮಾತು ಬಿಟ್ಟರೆ, ನೀವು ಬಿಪಿ ನೋಡಲು ಹೋದಾಗ ಬಾಗಿಲು ಹಾಕಿಕೊಂಡರೆ, ಅದಕ್ಕೆ ಯಾವ ಸೆಕ್ಷನ್ನೂ ಇಲ್ಲ. 1098ಕ್ಕೆ ಕರೆ ಮಾಡಿ ನನ್ನ ಹೆಸರು ಗುಟ್ಟಾಗಿಡಿ ಎಂದು ಕೇಳಿಕೊಳ್ಳಬಹುದು. ಆ ಕರೆ ಅವತ್ತೇ ಹೋಗಬೇಕು, ಸಭೆ ಕರೆಯುವವರೆಗೆ ಕಾಯುವಂತಿಲ್ಲ. ಅದಾದ ಮೇಲೆ ಊರಿನಲ್ಲಿ ಬರುವ ಮಾತಿಗೆ ಮುಖ ಕೊಡಬೇಕಾದವರು ನೀವಲ್ಲ. ಊರಿನ ಮಕ್ಕಳ ರಕ್ಷಣಾ ಸಮಿತಿಯ ಹೆಸರಿನಲ್ಲಿ ಪತ್ರ ಹೋಗಲಿ, ಅಧ್ಯಕ್ಷರು ಸಹಿ ಹಾಕಲಿ, ಪಿಡಿಒ ಸೀಲು ಬೀಳಲಿ. ಸಮಿತಿಯ ಎಲ್ಲರಿಗೂ ಮಗುವಿನ ಹೆಸರು ಗೊತ್ತಾಗಬೇಕಿಲ್ಲ, ಪತ್ರದಲ್ಲಿ ನಿಮ್ಮ ಹೆಸರೂ ಇರಬೇಕಿಲ್ಲ. ಯಾರು ಹೇಳಿದ್ದು ಎಂದು ಯಾರಾದರೂ ಜಗಳಕ್ಕೆ ಬಂದರೆ ‘ಪಂಚಾಯ್ತಿ ಹೇಳಿದ್ದು’ ಎಂದು ಅಧ್ಯಕ್ಷರು ಎದ್ದು ನಿಂತು ಹೇಳಬೇಕು. ಅಧ್ಯಕ್ಷರು ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಹಾಗೆ ಹೇಳುತ್ತೀರಾ ಎಂದು ಈಗಲೇ, ಎಲ್ಲರ ಮುಂದೆ, ನೀವೇ ಅವರನ್ನು ಕೇಳಿ.